ಸೀಲು ಒಡೆಯದ ಪೆಟ್ಟಿಗೆ

ನಾನು ಒಂದು ಕಂಪ್ಯೂಟರ್. ಮೇಜಿನ ಕೆಳಗೆ ಕೂರುವ, ಉದ್ದನೆಯ ಕಪ್ಪು ಪೆಟ್ಟಿಗೆಯ ಜಾತಿ. ಮೇಜಿನ ಮೇಲೆ ಒಂದು ಪರದೆ ಇರುತ್ತಿತ್ತು. ಜನ ಅದನ್ನೇ ಕಂಪ್ಯೂಟರ್ ಎಂದು ಕರೆಯುತ್ತಿದ್ದರು, ನನ್ನನ್ನು ಕಾಲಿಡುವ ಜಾಗ ಎಂದುಕೊಂಡಿದ್ದರು. ಹಾಗಾಗಿ ಮನುಷ್ಯರನ್ನು ನಾನು ಬಲ್ಲದ್ದು ಹೆಚ್ಚಾಗಿ ಅವರ ಪಾದಗಳಿಂದ. ಒಡೆದ ಹಿಮ್ಮಡಿ, ಉಗುರಿನ ಸಂದಿನ ಮಣ್ಣು, ಒಂದು ಪಾದವನ್ನು ಕೆರೆಯಲು ಬರುವ ಇನ್ನೊಂದು ಪಾದದ ಹೆಬ್ಬೆರಳು. ಅಲ್ಲಿಂದ ನೋಡಿದವರಿಗೆ ಯಾರ ಮೇಲೂ ಬಹಳ ಗೌರವ ಉಳಿಯುವುದಿಲ್ಲ.

ಹುಬ್ಬಳ್ಳಿಯ ಒಂದು ಮಹಡಿ ಅಂಗಡಿಯಲ್ಲಿ ನನ್ನನ್ನು ಜೋಡಿಸಿದರು. ಜೋಡಿಸಿದವನು ಕೆಲಸಕ್ಕೆ ಮೊದಲು ಕೈ ತೊಳೆದು, ಒರೆಸಿ, ಮೈಯ ವಿದ್ಯುತ್ತು ಇಳಿಯಲೆಂದು ಕಿಟಕಿಯ ಕಬ್ಬಿಣದ ಸರಳನ್ನು ಒಮ್ಮೆ ಮುಟ್ಟಿ, ಆಮೇಲೆ ನನ್ನೊಳಗೆ ಬೆರಳಿಟ್ಟ. ನನ್ನನ್ನು ಕೊಳ್ಳಲು ಗದಗಿನಿಂದ ಬಂದಿದ್ದವನಿಗೆ ಅವನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

"ತಿಂಗಳಿಗೊಮ್ಮೆ ಧೂಳ ಊದ್ರಿ. ಅಪ್ಡೇಟ್ ಕೇಳಿದಾಗ ಕೊಡ್ರಿ. ಕಂಡಕಂಡ ಪೆನ್ ಡ್ರೈವ್ ಚುಚ್ಚಬ್ಯಾಡ್ರಿ. ಬೇಕಾದ್ದನ್ನ ಎರಡು ಕಡೆ ಇಡ್ರಿ. ಇಷ್ಟು ಮಾಡಿದ್ರ ಹತ್ತು ವರ್ಷ ನನ್ನ ಮಾರಿ ನೋಡೂದ ಬ್ಯಾಡ."

ಕೊಳ್ಳುವವನು ಮೊಬೈಲ್ ನೋಡುತ್ತಲೇ "ಹೂಂ ಹೂಂ" ಎಂದ. ನಾಲ್ಕು ಮಾತುಗಳೂ ಅಲ್ಲೇ ಮೆಟ್ಟಿಲ ಮೇಲೆ ಉಳಿದುಹೋದವು.

ಅವನದು ಗದಗಿನ ಬಸ್ ನಿಲ್ದಾಣದ ಹಿಂದಿನ ಇಂಟರ್ನೆಟ್ ಕೇಂದ್ರ. ಬಾಗಿಲಲ್ಲಿ ದೊಡ್ಡ ಅಕ್ಷರದಲ್ಲಿ 'ಚಪ್ಪಲಿ ಹೊರಗೆ ಬಿಡಿ' ಎಂದು ಬರೆಸಿದ್ದ. ಜನ ಭಕ್ತಿಯಿಂದ ಚಪ್ಪಲಿ ಬಿಟ್ಟು ಬರುತ್ತಿದ್ದರು. ಬಂದು, ಮಿರ್ಚಿ ಭಜಿ ತಿಂದ ಎಣ್ಣೆಗೈಯಲ್ಲಿ ಕೀಲಿಗಳನ್ನು ಒತ್ತುತ್ತಿದ್ದರು. ಊರೂರಿನ ಯಂತ್ರಗಳ ರೋಗ ಹೊತ್ತ ಪೆನ್ ಡ್ರೈವನ್ನು ಒಂದಿಷ್ಟೂ ಅಳುಕಿಲ್ಲದೆ ನನಗೆ ಚುಚ್ಚುತ್ತಿದ್ದರು. ಹೊರಗೆ ಬಿಟ್ಟ ಚಪ್ಪಲಿ ಎಷ್ಟೋ ಶುದ್ಧವಾಗಿತ್ತು. ತಮ್ಮ ಇಮೇಲ್ ಅಂಚೆಪೆಟ್ಟಿಗೆಯನ್ನು ತೆರೆದವರು ಮುಚ್ಚದೆ ಎದ್ದುಹೋಗುತ್ತಿದ್ದರು. ಮುಂದಿನ ಗಿರಾಕಿ ಬಂದು ಕೂತು, ಆಚೀಚೆ ನೋಡಿ, ಅಪರಿಚಿತರ ಪತ್ರಗಳನ್ನು ಓದುತ್ತಿದ್ದ. ಓದಿ ನಗುತ್ತಿದ್ದ. ಆ ನಗೆಯನ್ನು ನಾನು ಪಾದಗಳಲ್ಲೇ ಗುರುತಿಸಬಲ್ಲವನಾದೆ. ನಗುವಾಗ ಕಾಲಬೆರಳು ಮುದುಡುತ್ತವೆ.

ವರ್ಷಕ್ಕೊಮ್ಮೆ ಆಯುಧಪೂಜೆಗೆ ಮಾತ್ರ ನನ್ನ ಆರೈಕೆ. ಹಣೆಗೆ ವಿಭೂತಿ, ಕುಂಕುಮ, ಮೂತಿಯ ಮುಂದೆ ಲಿಂಬೆಹಣ್ಣು, ಕರ್ಪೂರ. ಕುಂಕುಮ ಫ್ಯಾನಿನ ಸಂದಿಗೆ ಇಳಿಯುತ್ತಿತ್ತು, ಕರ್ಪೂರದ ಮಸಿ ಅದಕ್ಕೆ ಮೆತ್ತುತ್ತಿತ್ತು. ಮರುದಿನ ಅದೇ ಉಸಿರಾಟ, ಇನ್ನಷ್ಟು ಬಿಗಿಯಾಗಿ.

ಎಲ್ಲರ ಕೈಗೂ ಮೊಬೈಲಿನಲ್ಲಿ ಇಂಟರ್ನೆಟ್ ಬಂದಮೇಲೆ ಆ ಕೇಂದ್ರ ಮುಚ್ಚಿತು. ಹಳೆ ಸಾಮಾನು ಮಾರುವವನೊಬ್ಬ ನನ್ನ ಹೊರಮೈಯನ್ನಷ್ಟೇ ಒರೆಸಿ, ಬೆನ್ನಿನ ಸ್ಕ್ರೂ ಮೇಲೆ ಒಂದು ಬಿಳಿ ಚೀಟಿ ಅಂಟಿಸಿದ. 'ಸೀಲ್ ಒಡೆದರೆ ವಾರಂಟಿ ಇಲ್ಲ.' ವಾರಂಟಿ ಇದ್ದದ್ದು ಮೂರು ತಿಂಗಳು. ಆ ಚೀಟಿ ಒಂಬತ್ತು ವರ್ಷ ಉಳಿಯಿತು, ಏಕೆಂದರೆ ನನ್ನನ್ನು ಕೊಂಡವರು ನಿವೃತ್ತ ಸ್ಟೇಷನ್ ಮಾಸ್ತರ ವಿರೂಪಾಕ್ಷಪ್ಪ ಹರ್ತಿ.

ಮೂವತ್ತನಾಲ್ಕು ವರ್ಷ ಸಣ್ಣ ಸಣ್ಣ ಸ್ಟೇಷನ್ನುಗಳಲ್ಲಿ ಗಾಡಿ ಬಿಟ್ಟ ಮನುಷ್ಯ. ಒಂದು ಅಪಘಾತವಿಲ್ಲ, ಒಂದು ಮೆಮೋ ಇಲ್ಲ. ಅದನ್ನು ಮನೆಗೆ ಬಂದ ಹಾಲಿನವನಿಗೂ ಹೇಳುತ್ತಿದ್ದರು. ಅವರ ಪಾದಗಳು ಒಪ್ಪವಾಗಿದ್ದವು ಎಂಬುದನ್ನು ಒಪ್ಪಿಕೊಳ್ಳಬೇಕು. ಮನೆಯಲ್ಲಿ ಅವರ ಹೆಂಡತಿ ಗಂಗವ್ವ, ಮಗಳು ಕಸ್ತೂರಿ. ಕಸ್ತೂರಿಗೆ ಆಗ ಮೂವತ್ತೊಂದು. ಮದುವೆಯ ಮಾತು ಆ ಮನೆಯಲ್ಲಿ ನಿಂತುಹೋಗಿತ್ತು, ಯಾವಾಗ ನಿಂತಿತೆಂದು ಯಾರೂ ಹೇಳುತ್ತಿರಲಿಲ್ಲ. ಅವಳು ಮನೆಯಲ್ಲೇ ಕೂತು ಟೈಪ್ ಮಾಡಿಕೊಡುವ ಕೆಲಸ ಹಿಡಿದಿದ್ದಳು. ಮೊದಲು ಲಗ್ನಪತ್ರಿಕೆ, ಆಮೇಲೆ ಪ್ರೆಸ್ಸುಗಳ ಪುಸ್ತಕ. ಮೂರನೆಯ ವರ್ಷ ಹಂಪಿಹೊಳಿ ಮೇಡಂ ಎಂಬ ಹೆಡ್‌ಮಿಸ್ಟ್ರೆಸ್ ಅವಳಿಗೆ ಸುತ್ತಲಿನ ಹನ್ನೊಂದು ಹೈಸ್ಕೂಲುಗಳ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಕೊಟ್ಟರು.

"ಪ್ರೆಸ್ಸಿನ್ಯಾಗ ಹತ್ತು ಕಣ್ಣು ಇರ್ತಾವ ಕಸ್ತೂರಿ. ನಿನ್ನ ಬಾಯಿ ಬಿಗಿ ಐತಿ ಅಂತ ಕೊಡಾಕತ್ತೀನಿ," ಎಂದಿದ್ದರು.

ಅಂದಿನಿಂದ ಅವಳು ಕೂರುವ ರೀತಿಯೇ ಬದಲಾಯಿತು. ಟೈಪ್ ಮಾಡುವಾಗ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ಗಂಗವ್ವ ಚಹಾ ತಂದರೆ ಪರದೆ ಆರಿಸುತ್ತಿದ್ದಳು. ಆ ಮನೆಯಲ್ಲಿ ಅವಳದೆಂದು ಇದ್ದದ್ದು ಈ ಒಂದು ನಂಬಿಕೆ. ಅದನ್ನು ಅವಳು ನನ್ನೊಳಗಿಟ್ಟಿದ್ದಳು. ಇಡಲು ಇದಕ್ಕಿಂತ ಕೊಳಕು ಜಾಗ ಅವಳಿಗೆ ಸಿಗುತ್ತಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಆ ಹೊತ್ತಿಗೆ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಜಿರಳೆಯೊಂದು ಸತ್ತು ಒಣಗಿತ್ತು, ಇನ್ನೊಂದು ಬದುಕಿತ್ತು. ಇಂಟರ್ನೆಟ್ ಕೇಂದ್ರದ ಕಾಲದ ವೈರಸ್ಸುಗಳು ಮೂಲೆಮೂಲೆಯಲ್ಲಿ ಮಲಗಿದ್ದವು. ಇದರ ಮೇಲೆ ಗಂಗವ್ವ ನನಗೊಂದು ಕಸೂತಿಯ ಗವಸು ಹೊಲಿದು ತೊಡಿಸಿದ್ದರು. ಬೇಸಿಗೆಯಲ್ಲೂ ಅದು ನನ್ನ ಮೈಮೇಲೆ.

ಕಸ್ತೂರಿಗೆ ಇದೆಲ್ಲ ತಿಳಿಯುತ್ತಿತ್ತು.

"ಯಪ್ಪಾ, ಇದು ಒಳಗ ಭಾಳ ಕಾಯಾಕತ್ತೇತಿ. ಬಿಚ್ಚಿ ಸ್ವಚ್ಛ ಮಾಡ್ತೀನಿ."

"ಸೀಲ್ ಐತಿ, ಕಾಣೂದಿಲ್ಲೇನು? ಸೀಲ್ ಒಡಿಯೂದು ಗುನ್ನೆ. ಸರ್ವೀಸಿನ್ಯಾಗ ಒಬ್ಬಂವ ಪಾರ್ಸಲ್ ಡಬ್ಬಿ ಸೀಲ್ ಒಡದು ನೌಕರಿ ಕಳಕೊಂಡು ಮನಿಗೆ ಹೋದ."

"ವಾರಂಟಿ ಮುಗದು ಆರು ವರ್ಷ ಆತು."

"ವಾರಂಟಿ ಮುಗದೈತಿ. ಸೀಲ್ ಮುಗದಿಲ್ಲ."

ಅಪ್ಡೇಟಿನ ವಿಷಯವೂ ಹೀಗೆಯೇ. ನಾನು ಕೇಳುತ್ತಿದ್ದೆ, ನನ್ನ ಕೆಲಸವೇ ಕೇಳುವುದು. ಪರದೆಯ ಮೂಲೆಯಲ್ಲಿ ಸಣ್ಣ ಚೌಕ ತೋರಿಸಿ, ಕಿಂಡಿಗಳು ತೆರೆದಿವೆ, ಮುಚ್ಚಲು ಅಪ್ಪಣೆ ಕೊಡಿ ಎನ್ನುತ್ತಿದ್ದೆ. ಬೆಳಗ್ಗೆ ಪೇಪರ್ ಓದಲು ಕೂರುತ್ತಿದ್ದ ಮಾಸ್ತರರು 'ಆಮೇಲೆ ನೆನಪಿಸು' ಎಂಬುದನ್ನು ಒತ್ತುತ್ತಿದ್ದರು. ಅವರು ಒತ್ತಿದ್ದು ಎಷ್ಟು ಸಲ ಎಂದು ನನಗೆ ಗೊತ್ತು, ಹೇಳಲು ಅಸಹ್ಯವಾಗುತ್ತದೆ.

"ಓಡೂ ಗಾಡಿಗೆ ಕೈ ಹಚ್ಚಬಾರದು," ಎನ್ನುತ್ತಿದ್ದರು.

"ಗಾಡಿ ಡಿಪೋಕ್ಕ ಹೋಗೂದಿಲ್ಲೇನಪಾ?"

"ಅದು ಡಿಪೋದವರ ಕೆಲಸ. ಸ್ಟೇಷನ್ ಮಾಸ್ತರಂದಲ್ಲ."

ಒಳಗೆ ಮಾಡಬೇಕಾದ ಕೆಲಸ ಇನ್ಯಾರದೋ ಇಲಾಖೆಯದು ಎಂದು ಅವರು ಪೂರ್ತಿಯಾಗಿ ನಂಬಿದ್ದರು. ಆ ಇಲಾಖೆಯವರು ನಮ್ಮ ಮನೆಗೆ ಎಂದೂ ಬರಲಿಲ್ಲ.

ಪ್ರಶ್ನೆಪತ್ರಿಕೆಗಳಿದ್ದ ಫೋಲ್ಡರಿಗೆ ಕಸ್ತೂರಿ ತನ್ನದೇ ಪಾಸ್‌ವರ್ಡ್ ಹಾಕಿದ್ದಳು. ಮಾಸ್ತರರಿಗೆ ಅದೂ ತಿಳಿಯಿತು. ಸ್ಟೇಷನ್ನಿನಲ್ಲಿ ಪ್ರತಿ ಬೀಗಕ್ಕೂ ಎರಡನೆಯ ಕೀಲಿ ಇರಬೇಕು, ಲಕೋಟೆಯಲ್ಲಿ, ಅರಗಿನ ಮುದ್ರೆಯೊಳಗೆ.

"ನಾ ಓದಂಗಿಲ್ಲ. ಬರದು ಮುಚ್ಚಿ ಕೊಡು. ನಾಳೆ ನಿನಗ ಏನರ ಆದ್ರ?"

ಎರಡು ತಿಂಗಳು ದಿನಾ ಕೇಳಿದರು. ಮೂರನೆಯ ತಿಂಗಳು ಅವಳು ಬರೆದುಕೊಟ್ಟಳು. ಮಾಸ್ತರರು ಲಕೋಟೆಗೆ ಅರಗು ಹಚ್ಚಿ, ತಮ್ಮ ಉಂಗುರ ಒತ್ತಿ, ಮೇಜಿನ ಡ್ರಾಯರಿನಲ್ಲಿಟ್ಟರು. ಎಂದೂ ತೆರೆಯಲಿಲ್ಲ. ಅದು ನಿಜ. ಮುಂದೆ ಬಂದ ಒಂದು ದಿನದವರೆಗೆ ನಿಜ.

ಆ ದಿನ ಮಾರ್ಚಿ ತಿಂಗಳ ಒಂದು ಮಧ್ಯಾಹ್ನ. ಪರೀಕ್ಷೆಗೆ ಒಂಬತ್ತು ದಿನ. ಕಸ್ತೂರಿ ಕೊನೆಯ ತಿದ್ದುಪಡಿಗಳಿಗಾಗಿ ಪ್ರಿಂಟ್ ತೆಗೆದುಕೊಂಡು ಮೇಡಮ್ಮಿನ ಮನೆಗೆ ಹೋಗಿದ್ದಳು. ಮಾಸ್ತರರು ಯಾವುದೋ ಪಂಚಾಂಗದ ಪುಟ ತೆರೆಯಲು ಹೋಗಿ ಇನ್ನೇನನ್ನೋ ಒತ್ತಿದರು. ಪರದೆ ಇಡಿಯಾಗಿ ಕೆಂಪಾಯಿತು. ನಾನು ಕೂಗತೊಡಗಿದೆ. ನಾನಲ್ಲ, ನನ್ನ ಬಾಯಿಂದ ಇನ್ಯಾರೋ. ನಿಮ್ಮ ಕಂಪ್ಯೂಟರಿಗೆ ಅಪಾಯ, ಕೂಡಲೇ ಈ ನಂಬರಿಗೆ ಫೋನ್ ಮಾಡಿ.

ಬೇರೆಯವರಾಗಿದ್ದರೆ ಗಾಬರಿಯಿಂದ ಸ್ವಿಚ್ ಆರಿಸುತ್ತಿದ್ದರು. ಮಾಸ್ತರರು ಕೆಂಪು ಕಂಡರೆ ನಿಯಮದಂತೆ ನಡೆಯುವ ಮನುಷ್ಯ. ಫೋನ್ ಮಾಡಿದರು.

ಆ ಕಡೆಯವನ ದನಿ ಬಹಳ ಮರ್ಯಾದೆಯದು, ಹಿಂದಿಯದು. ತಾನು ಕಂಪ್ಯೂಟರ್ ಕಂಪನಿಯ ಮುಖ್ಯ ಕಚೇರಿಯವನು ಎಂದ. ಆಮೇಲೆ ಹೇಳಿದ: ಮೊದಲು ನಿಮ್ಮ ದೂರಿಗೆ ನಾವು ಕೊಡುವ ನಂಬರ್ ಬರೆದುಕೊಳ್ಳಿ, ಆಮೇಲೆ ನಾನು ಹೇಳಿದ್ದನ್ನು ಒತ್ತಿ ನಿಮ್ಮ ಪರದೆಯಲ್ಲಿ ಬರುವ ನಂಬರ್ ನನಗೆ ಓದಿ.

ಇಲ್ಲಿ ಒಂದು ಮಾತು ಹೇಳಬೇಕು. ರೈಲಿನವರಲ್ಲಿ ಪ್ರೈವೇಟ್ ನಂಬರ್ ಎಂಬುದಿದೆ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿಯಿಲ್ಲವಲ್ಲ. ಅದಕ್ಕೆ ಗೇಟ್ ಮುಚ್ಚಿದ್ದೇನೆ ಎನ್ನುವವನು ತನ್ನ ಹಾಳೆಯಿಂದ ಒಂದು ಗುಟ್ಟಿನ ಅಂಕಿ ಹೇಳುತ್ತಾನೆ, ಕೇಳಿಸಿಕೊಂಡವನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಅಂಕಿ ಬಂತೆಂದರೆ ಮಾತು ಖರೆ. ಅದರ ಮೇಲೆ ನೂರಾರು ಜೀವ ಹೊತ್ತ ಗಾಡಿಗಳು ಹೋಗುತ್ತವೆ. ಮೂವತ್ತನಾಲ್ಕು ವರ್ಷ ಅಂಕಿ ಅವರಿಗೆ ಸುಳ್ಳು ಹೇಳಿರಲಿಲ್ಲ.

ಮಾಸ್ತರರು ಕನ್ನಡಕ ಏರಿಸಿ ಅವನ ನಂಬರನ್ನು ಡೈರಿಯಲ್ಲಿ ಬರೆದುಕೊಂಡರು. ಪಕ್ಕದಲ್ಲಿ ಸಮಯ ಹಾಕಿದರು. ಹದಿನಾಲ್ಕು ಗಂಟೆ ಇಪ್ಪತ್ತು ನಿಮಿಷ. ಆಮೇಲೆ ನನ್ನ ಪರದೆಯ ಒಂಬತ್ತು ಅಂಕಿಗಳನ್ನು, ದೂರದಿಂದ ನನ್ನೊಳಗೆ ಬರುವ ಕೀಲಿಯನ್ನು, ಒಂದೊಂದಾಗಿ, ಸ್ಪಷ್ಟವಾಗಿ, ಎರಡೆರಡು ಸಲ ಓದಿದರು.

ಆಗ ಪರದೆಯ ಮೇಲಿನ ಬಾಣ ಯಾರೂ ಮುಟ್ಟದೆ ಚಲಿಸಿತು. ನನ್ನೊಳಗೆ ಒಂದು ಕೈ ಬಂತು. ತೊಳೆದ ಕೈಯೋ ತೊಳೆಯದ ಕೈಯೋ ನನಗೆ ತಿಳಿಯುವಂತಿರಲಿಲ್ಲ. ಆ ಕೈಗೆ ಪಾದಗಳೇ ಇರಲಿಲ್ಲ. ಅದು ಒಂದೊಂದೇ ಅರೆ ತೆರೆಯಿತು. ಗಂಗವ್ವನ ಸಕ್ಕರೆ ಕಾಯಿಲೆಯ ಚೀಟಿಗಳು, ಮನೆಯವರ ಫೋಟೋಗಳು, ಯಾರ ಯಾರದೋ ಲಗ್ನಪತ್ರಿಕೆಗಳು. ಕಸ್ತೂರಿಯ ಫೋಲ್ಡರಿನ ಮುಂದೆ ಬಂದು ನಿಂತಿತು. ಇದಕ್ಕೆ ಬೀಗವಿದೆ ಎಂದ ಅವನು, ವೈರಸ್ ಇದರಲ್ಲೇ ಇರಬೇಕು.

ಮಾಸ್ತರರು ಡ್ರಾಯರ್ ತೆರೆದರು. ಲಕೋಟೆ ಹೊರತೆಗೆದು, ಅರಗಿನ ಮೇಲಿನ ತಮ್ಮ ಉಂಗುರದ ಗುರುತನ್ನು ಹೆಬ್ಬೆರಳಿನಿಂದ ಸವರಿದರು. ಆಗಲೂ ಅವರು ಎದ್ದುಬಿಡಬಹುದಿತ್ತು. ನಾನು ಅವರ ಪಾದಗಳನ್ನೇ ನೋಡುತ್ತಿದ್ದೆ. ಅವು ಕದಲಲಿಲ್ಲ. ನಂಬರ್ ಬಂದಿದೆ, ಬರೆದುಕೊಂಡಿದೆ. ಮೇಲಿನಿಂದ ಆದೇಶ ಬಂದಮೇಲೆ ಸೀಲು ಒಡೆಯುವುದು ಗುನ್ನೆಯಲ್ಲ. ಒಂಬತ್ತು ವರ್ಷ ಮಗಳು ಕೇಳಿದರೂ ನನ್ನ ಬೆನ್ನಿನ ಸೀಲು ಒಡೆಯದ ಮನುಷ್ಯ, ಹೆಸರಿಲ್ಲದ ದನಿಗೆ ಅರಗು ಒಡೆದರು. ಅರಗಿನ ಚೂರು ನನ್ನ ತಲೆಯ ಮೇಲೆ ಬಿತ್ತು.

ಪತ್ರಿಕೆಗಳನ್ನು ಅವನು ತೆರೆದು ನೋಡಿದ. ನಕಲು ತೆಗೆದುಕೊಂಡ. ಆಮೇಲೆ ನನ್ನಲ್ಲಿದ್ದ ಎಲ್ಲವನ್ನೂ ತನ್ನ ಬೀಗದಲ್ಲಿ ಹಾಕಿ, ಬಿಡಿಸಲು ಇಷ್ಟು ಕೊಡಿ ಎಂಬ ಫಲಕ ತೂಗುಹಾಕಿ ಹೋದ.

ಐದು ಗಂಟೆಗೆ ಕಸ್ತೂರಿ ಬಂದಳು. ಪರದೆ ನೋಡಿದಳು. ಬಗ್ಗಿ ನನ್ನ ಬೆನ್ನಿನ ಇಂಟರ್ನೆಟ್ ತಂತಿ ಕಿತ್ತಳು. ಅಲ್ಲೇ ನೆಲದ ಮೇಲೆ, ನನ್ನ ಎತ್ತರಕ್ಕೆ, ಕೂತಳು. ಅವಳ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಯಾರಿಗೆ ಏನ್ ಹೇಳಿದಿ ಯಪ್ಪಾ?"

"ನಂಬರ್ ತಗೊಂಡೀನಿ. ಟೈಮ್ ಸಹಿತ ಬರದಿಟ್ಟೀನಿ, ನೋಡ ಬೇಕಾದ್ರ."

ಒಡೆದ ಲಕೋಟೆ ಅವಳ ಕಣ್ಣಿಗೆ ಬಿತ್ತು. ಗಂಗವ್ವ ಬಾಗಿಲಲ್ಲಿ ನಿಂತು, "ಏನಾತೋ ಆತು, ಮೊದಲು ಚಹಾ ಕುಡೀರಿ," ಎಂದರು. ಯಾರೂ ಕುಡಿಯಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು.

ಪ್ರಿಂಟು ಮೇಡಮ್ಮಿನ ಹತ್ತಿರ ಇತ್ತು. ಪರೀಕ್ಷೆ ನಡೆಯಲು ಅದು ಸಾಕು. ಸುಮ್ಮನಿದ್ದರೆ ಏನೂ ಆಗದ ಹಾಗೆ ಎಲ್ಲವೂ ಮುಂದೆ ಸಾಗಬಹುದಿತ್ತು. ಇದು ಮಾಸ್ತರರಿಗೂ ಹೊಳೆಯಿತು.

"ಮೇಡಮ್ಮಗ ಹೇಳಬ್ಯಾಡ ಮಗಳ. ಅಂವಗ ಕನ್ನಡ ಬರೂದಿಲ್ಲ. ಪೇಪರ್ ತಗೊಂಡು ಏನ್ ಮಾಡ್ತಾನ?"

"ಗಣಿತ ಕನ್ನಡ ಅಲ್ಲಪಾ."

"ಅಂವ ಎಲ್ಲಿಯಂವೋ. ನಮ್ಮ ಗದಗಿನ ಹೈಸ್ಕೂಲ್ ಪೇಪರ್ ಅಂವಗ್ಯಾಕ ಬೇಕು? ಸುಮ್ನ ಬಾಯಿ ಬಿಟ್ಟು ನಿನ್ನ ಹೆಸರು ಕೆಡಿಸ್ಕೋಬ್ಯಾಡ."

"ನನ್ನ ಹೆಸರು," ಎಂದಳು ಕಸ್ತೂರಿ. ಅಷ್ಟೇ ಹೇಳಿದಳು.

ಸಿಗ್ನಲ್ ದೀಪದ ಎಣ್ಣೆ ಕಡಿಮೆಯಾದದ್ದನ್ನೂ ಒಂದು ಕಾಲಕ್ಕೆ ಮೇಲಕ್ಕೆ ವರದಿ ಮಾಡಿದ ಮನುಷ್ಯ ಹನ್ನೊಂದು ಶಾಲೆಯ ಮಕ್ಕಳ ವಿಷಯ ಮುಚ್ಚಿಡು ಎನ್ನುತ್ತಿದ್ದರು. ನನ್ನ ಹೊಟ್ಟೆಯ ಜಿರಳೆ ಆ ಗಳಿಗೆಯಲ್ಲಿ ನನಗೆ ಅಸಹ್ಯವೆನಿಸಲಿಲ್ಲ.

ಮರುದಿನ ಬೆಳಗ್ಗೆ ಕಸ್ತೂರಿ ಫೋನ್ ಮಾಡಿದಳು. ಹಂಪಿಹೊಳಿ ಮೇಡಂ ಆಟೋ ಹಿಡಿದು ಮನೆಗೇ ಬಂದರು. ನನ್ನ ಮುಂದೆ ನಿಂತರು. ಸವೆದ ಚರ್ಮದ ಚಪ್ಪಲಿ, ಬಿಡುವ ವ್ಯವಧಾನವಿಲ್ಲದೆ ಒಳಗೇ ಹಾಕಿಕೊಂಡು ಬಂದಿದ್ದರು.

"ಒಳಗ ಹೆಂಗ ಬಂದ ಅಂವ? ಪಾಸ್‌ವರ್ಡ್ ಯಾರು ಕೊಟ್ರು?"

ಮಾಸ್ತರರು ಮೂಲೆಯ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಆ ಪುಟವನ್ನು ಅವರು ತಿರುಗಿಸಿರಲಿಲ್ಲ. ಕಸ್ತೂರಿ ಅತ್ತ ನೋಡಿದಳು. ಒಂದು ಗಾಡಿ ನಿಂತು ಹೊರಡುವಷ್ಟು ಹೊತ್ತು ಅವರಿಗೆ ಬಿಟ್ಟುಕೊಟ್ಟಳು ಎಂದು ನನಗನ್ನಿಸಿತು. ಪೇಪರ್ ಕೆಳಗಿಳಿಯಲಿಲ್ಲ.

"ನನ್ನ ಕಡಿಂದ ಆತ್ರಿ ಮೇಡಂ," ಎಂದಳು. "ಜವಾಬ್ದಾರಿ ನಂದು."

ಮೇಡಂ ಮತ್ತೊಮ್ಮೆ ಪರದೆ ನೋಡಿದರು. ಆಮೇಲೆ, "ಹೇಳಿದ್ಯಲ್ಲ, ಮಕ್ಕಳು ಉಳದ್ರು. ಒಂದು ವಾರದಾಗ ಹೊಸಾ ಪೇಪರ್ ಕೈಲೆ ಬರಸ್ತೀನಿ," ಎಂದರು. ಬಾಗಿಲವರೆಗೆ ಹೋಗಿ ನಿಂತು, ತಿರುಗದೆಯೇ ಹೇಳಿದರು: "ಇನ್ನ ಮ್ಯಾಲೆ ನಿನಗ ಕೊಡಾಕ ಬರೂದಿಲ್ಲ ಕಸ್ತೂರಿ. ಹನ್ನೊಂದು ಮಂದಿ ಹೆಡ್‌ಮಾಸ್ತರು ಕೇಳ್ತಾರ. ನಾ ಏನಂತ ಹೇಳ್ಲಿ?"

ಮೂಲೆಯಲ್ಲಿ ಪೇಪರಿನ ಒಂದು ಪುಟ ಮಗುಚಿತು.

ಅವತ್ತೇ ಕಸ್ತೂರಿ ನನ್ನ ಬೆನ್ನಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಳು. ಅಪ್ಪ ಅಡ್ಡ ಬರಲಿಲ್ಲ. ನನ್ನ ಹೊಟ್ಟೆ ಬಿಚ್ಚಿದಾಗ ಬಿದ್ದ ಕೊಳೆಯನ್ನು ಅವಳು ಮೊರದಲ್ಲಿ ತುಂಬಿ ಹಾಕಬೇಕಾಯಿತು. ಹಲ್ಲಿಯ ಮೊಟ್ಟೆಯ ಚಿಪ್ಪು, ಕುಂಕುಮ ಬೆರೆತ ಜಿಡ್ಡು, ಯಾರದೋ ಕೂದಲು. ಮೂಗಿಗೆ ಸೆರಗು ಕಟ್ಟಿಕೊಂಡು ಎಲ್ಲವನ್ನೂ ಬ್ರಶ್ಶಿನಿಂದ ತೆಗೆದಳು. ಇನ್ನು ಉಪಯೋಗವಿಲ್ಲದ ಯಂತ್ರವನ್ನು ಅಷ್ಟು ಶ್ರದ್ಧೆಯಿಂದ ಯಾಕೆ ಸ್ವಚ್ಛ ಮಾಡಿದಳೋ. ಡಿಸ್ಕನ್ನು ಹೊರಗೆ ತೆಗೆದು, ಹಿತ್ತಲ ಒಗೆಯುವ ಕಲ್ಲಿನ ಮೇಲಿಟ್ಟು, ಗುಂಡುಕಲ್ಲಿನಿಂದ ಜಜ್ಜಿದಳು. ಅದರಲ್ಲಿ ಊರವರ ಲಗ್ನಗಳಿದ್ದವು, ಫೋನ್ ನಂಬರುಗಳಿದ್ದವು. ಬೀಗ ಬಿದ್ದಿದೆಯೆಂದು ಬೀದಿಗೆ ಬಿಡುವಂತಿರಲಿಲ್ಲ.

ಡಿಸ್ಕ್ ಹೋದರೆ ನೆನಪೂ ಹೋಗಬೇಕಿತ್ತು. ಹೋಗಲಿಲ್ಲ. ಅಸಹ್ಯ ಎಂಬುದನ್ನು ಬೇರೆಲ್ಲೋ ಇಟ್ಟಿರುತ್ತಾರೆಂದು ಕಾಣುತ್ತದೆ.

ಒಂದು ವರ್ಷ ನಾನು ಅಟ್ಟದ ಕೆಳಗಿನ ಮೂಲೆಯಲ್ಲಿದ್ದೆ. ಕಸ್ತೂರಿ ಒಂದು ಹಳೆಯ ಲ್ಯಾಪ್‌ಟಾಪ್ ತಂದಳು. ಪ್ರತಿ ರವಿವಾರ ತಲೆಗೆ ಎರೆದುಕೊಂಡು ಬಂದು ಅದಕ್ಕೆ ಅಪ್ಡೇಟ್ ಕೊಡುತ್ತಿದ್ದಳು, ಎಲ್ಲವನ್ನೂ ಎರಡು ಕಡೆ ಇಳಿಸುತ್ತಿದ್ದಳು, ಪಾಸ್‌ವರ್ಡನ್ನು ಯಾರಿಗೂ ಕೊಡುತ್ತಿರಲಿಲ್ಲ. ಕೆಲಸ ಮಾತ್ರ ಮತ್ತೆ ಲಗ್ನಪತ್ರಿಕೆಗೆ ಇಳಿದಿತ್ತು. ಪ್ರಶ್ನೆಪತ್ರಿಕೆಗಳು ಮತ್ತೆ ಹತ್ತು ಕಣ್ಣಿನ ಪ್ರೆಸ್ಸಿಗೆ ಹೋದವೆಂದು ಕೇಳಿದೆ. ಮಾಸ್ತರರು ಬಂದವರಿಗೆಲ್ಲ ತಮ್ಮ ಸರ್ವೀಸಿನ ಕಥೆ ಹೇಳುವುದನ್ನು ಬಿಡಲಿಲ್ಲ. ಕಂಪ್ಯೂಟರಿನ ಮಾತು ಬಂದರೆ, "ನಮ್ಮ ಹುಡುಗಿ ಸ್ವಲ್ಪ ಎಡವಿದ್ಲು," ಎನ್ನುತ್ತಿದ್ದರು. ಕಸ್ತೂರಿ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಆ ಮನೆಯ ಮೌನ ನನ್ನ ಧೂಳಿಗಿಂತ ದಪ್ಪವಾಗಿ ಬೆಳೆಯಿತು.

ಕೊನೆಗೊಂದು ಬೆಳಗ್ಗೆ ಗುಜರಿಯ ದಾವಲಸಾಬ ತಳ್ಳುಗಾಡಿ ತಂದು ನಿಲ್ಲಿಸಿದ. ನನ್ನನ್ನು ಜಗುಲಿಗೆ ತಂದರು. ಅವನು ತಕ್ಕಡಿಯ ಕೊಕ್ಕೆ ತೆಗೆಯುವಾಗ ಮಾಸ್ತರರು ಅಭ್ಯಾಸದಂತೆ ಶುರು ಮಾಡಿದರು.

"ಛಲೋ ಮಶೀನ್ ಇದು. ಮಗಳ ಕೈಯಾಗ ಸಿಕ್ಕು ಕೆಟ್ಟತಿ."

ಕಸ್ತೂರಿ ತಲೆಬಾಗಿಲಲ್ಲಿ ನಿಂತಿದ್ದಳು. ದನಿ ಏರಿಸಲಿಲ್ಲ.

"ಯಪ್ಪಾ, ಅಂವಗ ಖರೇ ಹೇಳು."

"ಏನು?"

"ದಾವಲಸಾಬಗ. ಅಂವೇನು ನಮ್ಮ ಬೀಗರಲ್ಲ, ನಿನ್ನ ಸಾಹೇಬ್ರಲ್ಲ. ಅಂವಗೂ ಹೇಳಾಕ ಆಗದಿದ್ರ ಇನ್ಯಾರಿಗೂ ಆಗೂದಿಲ್ಲ ನಿನಗ."

ದಾವಲಸಾಬ ಕೊಕ್ಕೆ ಹಿಡಿದು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ಒಳಗೆ ಗಂಗವ್ವ ರೊಟ್ಟಿ ಬಡಿಯುವುದು ನಿಂತಿತು. ಮಾಸ್ತರರ ಪಾದಗಳು ನನ್ನ ಪಕ್ಕದಲ್ಲೇ ಇದ್ದವು. ಹೆಬ್ಬೆರಳು ನೆಲವನ್ನು ಒತ್ತಿತು, ಬಿಟ್ಟಿತು, ಮತ್ತೆ ಒತ್ತಿತು.

"ನನ್ನ ಕೈಯಾಗ ಕೆಟ್ಟತು," ಎಂದರು ಅವರು. "ಆಕಿದೇನಿಲ್ಲ. ನಾ ಕೊಟ್ಟೆ, ಯಾರಿಗೋ. ಆಕಿ ತನ್ನ ಮ್ಯಾಲೆ ಹಾಕ್ಕೊಂಡ್ಲು. ನಾ ಸುಮ್ನ ಕುಂತೆ."

"ಯಾರ ಕೈಯಾಗ ಕೆಟ್ರೂ ತೂಕ ಅಷ್ಟ ರೀ ಮಾಸ್ತರ," ಎಂದ ದಾವಲಸಾಬ, ನನ್ನನ್ನು ಕೊಕ್ಕೆಗೆ ಎತ್ತಿದ.

ಗಾಡಿಯ ಮೇಲೆ ನಾನು ಹಿಂದುಮುಂದಾಗಿ ಮಲಗಿದ್ದೆ, ಹಾಗಾಗಿ ಮನೆ ಕಾಣುತ್ತಿತ್ತು. ಕಸ್ತೂರಿ ಒಳಗೆ ಹೋಗಿದ್ದಳು. ಮಾಸ್ತರರು ಸ್ವಲ್ಪ ಹೊತ್ತು ಜಗುಲಿಯ ಮೇಲೆಯೇ ನಿಂತಿದ್ದು, ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಯಾರಿಗೂ ಹೇಳದೆ ಓಣಿಯ ಎಡಕ್ಕೆ ಹೊರಟರು. ಹಂಪಿಹೊಳಿ ಮೇಡಮ್ಮಿನ ಶಾಲೆ ಇರುವುದು ಆ ಕಡೆ. ಕಾಯಿಪಲ್ಲೆ ಮಾರ್ಕೆಟ್ಟೂ ಆ ಕಡೆಯೇ. ಮಾರ್ಕೆಟ್ಟಿಗಾದರೆ ಕೈಯಲ್ಲಿ ಚೀಲ ಇರಬೇಕು, ಇತ್ತೇ ಎಂದು ನೋಡಲು ಪ್ರಯತ್ನಿಸಿದೆ. ಅಷ್ಟರಲ್ಲಿ ಗಾಡಿ ತಿರುಗಿತು.

ಈಗ ನಾನು ಗುಜರಿ ಅಂಗಡಿಯ ಅಂಗಳದಲ್ಲಿದ್ದೇನೆ, ತುಕ್ಕು ಹಿಡಿದ ಸೈಕಲ್ಲುಗಳ ನಡುವೆ. ಮುಚ್ಚಳವಿಲ್ಲ, ಗಾಳಿ ಆಚೆಯಿಂದ ಈಚೆಗೆ ನನ್ನ ಮೂಲಕವೇ ಹೋಗುತ್ತದೆ. ನಾಯಿಗಳು ಬಂದು ಕಾಲೆತ್ತುತ್ತವೆ. ಅದರಲ್ಲಿ ಮರೆಮಾಚುವಂಥದ್ದು ಏನೂ ಇಲ್ಲ, ಅದಕ್ಕೆ ನನಗೆ ಬೇಸರವೂ ಇಲ್ಲ. ಮನುಷ್ಯರ ಬಗ್ಗೆ ನನ್ನ ಅಭಿಪ್ರಾಯ ಬಹಳ ಬದಲಾಗಿಲ್ಲ. ಆದರೂ ದಾವಲಸಾಬ ಸಂಜೆ ಬಾಗಿಲು ಹಾಕಲು ಬಂದಾಗ, ಅವನು ಆ ಓಣಿಯ ಸುದ್ದಿಯೇನಾದರೂ ಆಡುತ್ತಾನೆಯೇ ಎಂದು ಕಿವಿಗೊಡುತ್ತೇನೆ. ಇದುವರೆಗೆ ಆಡಿಲ್ಲ.